ಗುಂಡಿ ಹಾಕುವವರು: ನಿವಾಸಿ ಪತಿ

ಬೆಳಿಗ್ಗೆ ಹತ್ತಕ್ಕೆ ಊಟದ ಮೇಜಿನ ಮೇಲೆ ನಲವತ್ತು ಶಾಲಾ ಶರ್ಟುಗಳಿದ್ದವು. ಅವುಗಳ ನಡುವೆ ಕಾಫಿ ಲೋಟಕ್ಕೆ ಜಾಗ ಹುಡುಕುತ್ತಿದ್ದಾಗ ನಗರಸಭೆಯ ಪತ್ರ ಬಂತು. ವಾಸದ ಬಡಾವಣೆಯಲ್ಲಿ ಅನುಮತಿಯಿಲ್ಲದೆ ಹೊಲಿಗೆ ವ್ಯಾಪಾರ ನಡೆಸುತ್ತಿದ್ದೀರಿ, ಹದಿನೈದು ದಿನದೊಳಗೆ ಅನುಮತಿ ಪಡೆಯಿರಿ, ಇಲ್ಲವೇ ನಿಲ್ಲಿಸಿ.

ಹೊಲಿಗೆ ಯಂತ್ರ ತುಳಿಯುತ್ತಿದ್ದ ಹೆಂಡತಿಯ ಕಾಲು ನಿಂತುಹೋಯಿತು. ಎಂಟು ವರ್ಷ ಕಟ್ಟಿ ಬೆಳೆಸಿದ ಕೆಲಸ.

"ಯೋಚನೆ ಮಾಡ್ಬೇಡ, ನಾನಿದ್ದೀನಿ."

"ಅದೇ ಯೋಚನೆ ರೀ ನಂಗೆ."

(ಮೂವತ್ತು ವರ್ಷ ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕಿ ನಿವೃತ್ತನಾದವನು ನಾನು. ಸ್ವತಃ ಅರ್ಜಿ ಬರೆಯುವ ಯೋಗ ಬಂದದ್ದು ಇದೇ ಮೊದಲು.)

ನಿಯಮಗಳನ್ನು ಓದಿದೆ. ವ್ಯಾಪಾರ ಮನೆಯ ಕಾಲುಭಾಗ ಮೀರಬಾರದು. ಶರ್ಟುಗಳನ್ನು ಒಳಕೋಣೆಗೆ ಸಾಗಿಸಿ ಟೇಪು ಹಿಡಿದೆ; ಮೀರಲಿಲ್ಲ. ಬೀದಿಗೆ ಸದ್ದು ಕೇಳಿಸಬಾರದು. ಯಂತ್ರದ ಸದ್ದು ನನ್ನ ಗೊರಕೆಗಿಂತ ಕಡಿಮೆ ಎಂದು ಹೆಂಡತಿ ದೃಢೀಕರಿಸಿದಳು. ಮೂರನೆಯದು ಗಂಟಲಲ್ಲಿ ಸಿಕ್ಕಿಕೊಂಡಿತು: ಆ ಮನೆಯ ನಿವಾಸಿಗಳು ಮಾತ್ರ ಕೆಲಸ ಮಾಡತಕ್ಕದ್ದು. ನಮ್ಮಲ್ಲಿ ಗುಂಡಿ ಹಾಕುವವರು ಎದುರು ಮನೆಯವರು. ಹೊತ್ತು ಹೋಗಲೆಂದು ಬಂದು ಕೂರುವ ಅವರನ್ನು ನಾವು ಕರೆಯುವುದೇ ಗುಂಡಿಯಕ್ಕ ಎಂದು.

"ಅಕ್ಕ ಇಲ್ಲೇ ಇರ್ತಾರೆ ಅಂತ ಬರೀರಿ."

"ಸುಳ್ಳು ಬರೆಯೋ ಕೈ ಅಲ್ಲ ಕಣೇ ಇದು" ಎಂದು ಗಂಭೀರವಾಗಿ ಹೇಳಿ, 'ಗುಂಡಿ ಹಾಕುವವರು: ನಿವಾಸಿ ಪತಿ' ಎಂದು ಬರೆದೆ.

ಗುರುವಾರ ಇನ್‌ಸ್ಪೆಕ್ಟರು ಬಂದರು. ಕೋಣೆ ಅಳೆದರು, ಬೀದಿಯಲ್ಲಿ ನಿಂತು ಕಿವಿಗೊಟ್ಟರು, ಕೊನೆಗೆ ಅರ್ಜಿ ಓದಿ ನನ್ನನ್ನು ನೋಡಿದರು.

"ಸಾರ್, ಒಂದು ಗುಂಡಿ ಹಾಕಿ ತೋರ್ಸಿ."

ಶರ್ಟನ್ನು ತೊಡೆಯ ಮೇಲೆ ಹರಡಿಕೊಂಡು ಕೂತೆ. ದಾರ ಏಳು ಸಲ ಸೂಜಿಯ ಕಣ್ಣು ತಪ್ಪಿಸಿಕೊಂಡಿತು. ಹೆಂಡತಿ ಸೂರು ನೋಡುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಗುಂಡಿಯಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಹತ್ತು ನಿಮಿಷದಲ್ಲಿ ಗುಂಡಿಯನ್ನು ಭದ್ರವಾಗಿ ಪ್ರತಿಷ್ಠಾಪಿಸಿ, ಅಧಿಕಾರಿಯನ್ನು ಬೀಳ್ಕೊಡಲು ಎದ್ದು ನಿಂತೆ.

ಶರ್ಟೂ ಎದ್ದು ನಿಂತಿತು. ಪ್ಯಾಂಟಿಗೇ ಸೇರಿಸಿ ಹೊಲಿದಿದ್ದೆ.

"ಏನ್ ಗಟ್ಟಿ ಹಾಕಿದ್ದೀರಪ್ಪಾ!" ಎಂದರು ಗುಂಡಿಯಕ್ಕ.

ಇನ್‌ಸ್ಪೆಕ್ಟರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಎಲ್ಲ ಮುಗಿಯಿತು ಎಂದುಕೊಂಡೆ.

"ಮೇಡಂ, ಕೆಲ್ಸ ಚೆನ್ನಾಗಿರ್ಬೇಕು ಅಂತ ನಿಯಮದಲ್ಲಿಲ್ಲ. ಮಾಡೋರು ಮನೆಯವರಾಗಿರ್ಬೇಕು, ಅಷ್ಟೆ. ಆದ್ರೆ ನಾನು ಆಗಾಗ ಬರ್ತಿರ್ತೀನಿ. ಬಂದಾಗ ಸಾರ್ ಕೈಯಲ್ಲಿ ಸೂಜಿ ಇರ್ಬೇಕು."

ಸಹಿ ಬಿತ್ತು. ಹೆಂಡತಿ ಯಂತ್ರವನ್ನೇ ತಬ್ಬಿಕೊಂಡಳು. (ಅರ್ಜಿ ಬರೆದವನು ಪಕ್ಕದಲ್ಲೇ ನಿಂತಿದ್ದ.)

"ನೆಂಟರು ಬಂದು ಕೂರ್ಬಹುದಲ್ವಾ?" ಎಂದು ಕೇಳಿದರು ಗುಂಡಿಯಕ್ಕ.

"ಧಾರಾಳವಾಗಿ" ಎಂದರು ಇನ್‌ಸ್ಪೆಕ್ಟರು.

ಸೋಮವಾರದಿಂದ ಗುಂಡಿಯಕ್ಕ ನನ್ನ ಆರಾಮಕುರ್ಚಿಯಲ್ಲಿ ಕೂತು, ನಾನು ಹಾಕಿದ ಗುಂಡಿಗಳಲ್ಲಿ ಅರ್ಧದಷ್ಟನ್ನು ನನ್ನಿಂದಲೇ ಬಿಚ್ಚಿಸುತ್ತಿದ್ದಾರೆ. ಶಾಲೆ ಶುರುವಾಗಲು ಒಂಬತ್ತು ದಿನ ಇದೆ. ಇನ್ನೂರ ಅರವತ್ತೆಂಟು ಗುಂಡಿ ಬಾಕಿ ಇವೆ.