ಜೋಗುಳದ ಮೂರನೇ ನುಡಿ

"ಕಾಲು ಮಡಚ್ಕಳಪ್ಪ, ಎಳೆ ಮಗಾ ಇಷ್ಟುದ್ದ ಇರ್ತದಾ?" ಎಂದು ಪಕ್ಕದ ಮನೆಯ ಜಾನಕಮ್ಮ ಇಂದ್ರೇಶನ ಮೊಣಕಾಲುಗಳನ್ನು ಎದೆಗೆ ಒತ್ತಿದಳು. ಅವಳ ಗಂಡ ಕೆಂಚಯ್ಯ ಮೇಲೊಂದು ಕಂಬಳಿ ಹೊದಿಸಿದ. ಬಸ್ತಿಹಳ್ಳಿಯ ಮುದುಕಿ ಗಿಡ್ಡಮ್ಮನ ಜಗಲಿಯ ಮೇಲೆ ಕನ್ನಡ ಎಂ.ಎ. ವಿದ್ಯಾರ್ಥಿಯೊಬ್ಬ, ಮದುವೆ ಮುಗಿದ ಮೇಲೆ ಸುತ್ತಿಟ್ಟ ಜಮಖಾನದಂತೆ ಮುದುಡಿಕೊಂಡ.

ತಪ್ಪು ಅವನದೇ. ಜೋಗುಳದ ಮೇಲೆ ಪ್ರಬಂಧ ಬರೆಯುತ್ತೇನೆಂದು ತರಗತಿಯಲ್ಲಿ ಕೈಯೆತ್ತಿದ್ದ. ಆಮೇಲೆ ಸಹಾಯಕ್ಕಾಗಿ ಅಲೆದ. ಸೀನಿಯರ್ ಒಬ್ಬ ಗುಟ್ಟಾಗಿ ದಾಟಿಸಿದ ಹಳೆಯ ಪ್ರಬಂಧವನ್ನು ಈ ಸಲ ಆಗಲೇ ಮೂವರು ಒಪ್ಪಿಸಿಯಾಗಿತ್ತು. ಫೋನನ್ನು ಕೇಳಿದರೆ ಅದು ಹಿಮ ಸುರಿಯುವ, ಕರಡಿಮರಿ ಮಲಗುವ ಜೋಗುಳವೊಂದನ್ನು ಕಣ್ಣು ಮಿಟುಕಿಸುವುದರೊಳಗೆ ಬರೆದುಕೊಟ್ಟಿತು. ಹೇಮಲತಾ ಮೇಡಂ ಅದನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಅರಸೀಕೆರೆಯಲ್ಲಿ ಹಿಮ ಯಾವಾಗ ಬಿತ್ತು ಎಂದು ಕೇಳಿದರು. ಅವನೇ ಹೋಗಿ ಕೇಳಿ, ರೆಕಾರ್ಡ್ ಮಾಡಿಕೊಂಡ ಹಾಡು ಬೇಕು ಎಂದರು. ಕಡಿಮೆಯೆಂದರೆ ಮೂರು ನುಡಿ. ನಾಳೆ ಬೆಳಿಗ್ಗೆ ತರದಿದ್ದರೆ ಹಾಲ್ ಟಿಕೆಟ್ ಇಲ್ಲ.

ಗಿಡ್ಡಮ್ಮ ಹಾಡಲು ಒಪ್ಪಿದ್ದಳು. ಆದರೆ ಮಗುವಿಲ್ಲದೆ ಜೋಗುಳ ಹಾಡುವುದು ಖಾಲಿ ತೊಟ್ಟಿಲು ತೂಗಿದ ಹಾಗೆ, ಮನೆಗೆ ಒಳ್ಳೆಯದಲ್ಲ ಎಂದಳು. ಬೀದಿಯ ಕೂಸುಗಳೆಲ್ಲ ಅಂಗನವಾಡಿಗೆ ಹೋಗಿದ್ದವು. ಜಾನಕಮ್ಮ ಇಂದ್ರೇಶನನ್ನು ಮೇಲಿಂದ ಕೆಳಗೆ ನೋಡಿ, ಇವನೇ ಸಾಕು ಎಂದು ತೀರ್ಮಾನಿಸಿದ್ದಳು.

ಗಿಡ್ಡಮ್ಮ ಬೆನ್ನು ತಟ್ಟುತ್ತ ಶುರುಮಾಡಿದಳು. ಮೊದಲ ನುಡಿಯಲ್ಲಿ ಚಂದ್ರ ಕೆರೆಗಿಳಿದು ಮುಖ ತೊಳೆದ. ಎರಡನೆಯದರಲ್ಲಿ ಗುಡಿಯ ಗೋಡೆಯ ಆನೆಗಳು ಕಲ್ಲಿನಿಂದ ಒಂದೊಂದಾಗಿ ಬಿಡಿಸಿಕೊಂಡು, ಸದ್ದಾಗದ ಹಾಗೆ ನೀರಿನ ಕಡೆಗೆ ನಡೆದವು. ಇಂದ್ರೇಶನೂ ಅವುಗಳ ಹಿಂದೆ ಹೋದ. ನೀರು ಬೆಚ್ಚಗಿತ್ತು. ಕೊನೆಯ ಆನೆ ಸೊಂಡಿಲು ಚಾಚಿ ಅವನ ಜೇಬಿನಿಂದ ಹಾಲ್ ಟಿಕೆಟ್ ತೆಗೆದು, ಮೆಲ್ಲಗೆ ಜಗಿಯತೊಡಗಿತು.

ಕಣ್ಣು ಬಿಟ್ಟಾಗ ಬಿಸಿಲು ಓರೆಯಾಗಿತ್ತು. ಫೋನಿನಲ್ಲಿ ಎರಡು ನುಡಿ, ಆಮೇಲೆ ಬರೀ ಗೊರಕೆ. ಮಗು ಮಲಗಿದ ಮೇಲೆ ಇನ್ನು ಯಾರಿಗೆ ಹಾಡುವುದು ಎಂದು ಗಿಡ್ಡಮ್ಮ ಕೇಳಿದಳು. ಅವನ ಬದಲಿಗೆ ಮಲಗಿದ ಕೆಂಚಯ್ಯ, ಚಂದ್ರ ಮುಖ ಒರೆಸಿಕೊಳ್ಳುವ ಮೊದಲೇ ನಿದ್ದೆ ಹೋದ.

ಕೊನೆಗೆ ಇಂದ್ರೇಶ ಹಸಿಮೆಣಸಿನಕಾಯಿ ಕಚ್ಚಿಕೊಂಡು ಮತ್ತೆ ಮುದುಡಿದ. ಜಾನಕಮ್ಮ ಅವನ ತೋಳು ಚಿವುಟುವ ಕೆಲಸವನ್ನು ಸಂತೋಷದಿಂದ ವಹಿಸಿಕೊಂಡಳು. ಚಂದ್ರ ಬಂದ, ಆನೆಗಳು ಬಂದವು, ಇಂದ್ರೇಶನ ಕಣ್ಣಲ್ಲಿ ಇನ್ನೊಂದು ಕೆರೆಯೇ ತುಂಬಿತು. ಆದರೂ ಎಚ್ಚರವಾಗಿದ್ದ. ಎರಡನೇ ನುಡಿ ಮುಗಿಯಿತು. ಗಿಡ್ಡಮ್ಮ ಬೆನ್ನು ತಟ್ಟುವುದನ್ನು ನಿಲ್ಲಿಸಿದಳು.

"ಮುಂದಕ್ಕೆ, ಅಜ್ಜಿ."

"ಮುಂದಕ್ಕೆ ಎಲ್ಲೈತಪ್ಪ? ನಾ ಮಲಗಿಸಿದ ಮಕ್ಳಲ್ಲಿ ಒಂದಾದ್ರೂ ಇಲ್ಲೀಗಂಟ ಎದ್ದಿರ್ಲಿಲ್ಲ."

"ನಿಮ್ಮವ್ವ ಹಾಡ್ತಿರ್ಲಿಲ್ವಾ?"

"ಹಾಡ್ತಿದ್ಲೋ ಏನೋ. ನಾನು ನಿದ್ದೆ ಹೋಗಿರ್ತಿದ್ದೆ."

ಕೊನೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಇಂದ್ರೇಶ ಅಲ್ಲೇ ಕುಳಿತು, ಉರಿಯುವ ನಾಲಿಗೆಯಲ್ಲೇ ಮೂರನೇ ನುಡಿಯೊಂದನ್ನು ಕಟ್ಟಿದ. ಅದರಲ್ಲಿ ಚಂದ್ರ ಅನಾಥನಾಗಿದ್ದ, ಕೆರೆಯ ನೀರು ಅರ್ಥ ಕಳೆದುಕೊಂಡಿತ್ತು, ಆನೆಗಳು ತಮ್ಮ ನೆರಳುಗಳನ್ನೇ ಸಂಶಯಿಸುತ್ತಿದ್ದವು. ಗದ್ಗದಿತನಾಗಿ ಓದಿ ಹೇಳಿದ.

"ನಿಮ್ಮ ರಾಗದಲ್ಲಿ ಒಂದೇ ಒಂದು ಸಲ ಹಾಡ್ಬಿಡಿ, ಅಜ್ಜಿ. ನನ್ನ ವರ್ಷ ಉಳೀತದೆ."

ಗಿಡ್ಡಮ್ಮ ತುಟಿಯಲ್ಲೇ ಒಮ್ಮೆ ಹೇಳಿಕೊಂಡು ನೋಡಿದಳು.

"ಮಲಗಿರೋ ಮಕ್ಳು ಎದ್ದುಬಿಡ್ತವೆ. ನಾ ಹಾಡಾಕಿಲ್ಲ ಕಣಪ್ಪ."