ನಮ್ಮ ಸೊಸೈಟಿಗೆ ಬಂದ ಮಿಲಿಟರಿ ಲಾರಿ

ನನ್ನಂಥ ಕಾಲು ನಿಲ್ಲದ ಹೆಂಗಸಿನ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಹಳೆಯ ಮಿಲಿಟರಿ ಲಾರಿ ಬಂದು ನಿಂತ ಮೇಲಂತೂ ವಾರಕ್ಕೊಂದು ಗ್ಯಾರಂಟಿ. ಮಂಗೋಲಿಯಾದ ಬಸ್ಸಿನಲ್ಲಿ, ಪೆರುವಿನ ವ್ಯಾನಿನಲ್ಲಿ ಬೇರೆಯವರ ಹಿಂದೆ ಕೂತು ಸಾಕಾಗಿತ್ತು. ನಾನೇ ಓಡಿಸಿಕೊಂಡು ಹಿಮಾಲಯದ ಸ್ಪಿತಿಗೆ ಹೋಗಬೇಕೆಂದು ಹರಾಜಿನಲ್ಲಿ ಕೊಂಡ ಡೀಸೆಲ್ ಲಾರಿ ಅದು. ಹೆವಿ ಲೈಸೆನ್ಸ್ ಅದಕ್ಕೂ ಮೊದಲೇ ಮಾಡಿಸಿಟ್ಟಿದ್ದೆ.

ಥಾಣೆಯ ವರ್ತಕ ನಗರದ ನಮ್ಮ ಸೊಸೈಟಿಗೆ ಅದನ್ನು ಎಳೆಸಿಕೊಂಡು ತಂದ ದಿನವೇ ಸೆಕ್ರೆಟರಿ ಕೆಳಗಿಳಿದು ಬಂದರು. "ಮ್ಯಾಡಮ್, ಇದು ಗಣಪತಿ ಮಂಟಪದ ಜಾಗ. ಹಬ್ಬದೊಳಗೆ ನಿಮ್ಮ ಗಾಡಿ ಫಿಟ್ನೆಸ್ ತಪಾಸಣೆ ಪಾಸಾಗಿ ಓಡಾಡುವಂತಿರಬೇಕು. ಇಲ್ಲದಿದ್ದರೆ ಸೀದಾ ಗುಜರಿಗೆ."

ಒಪ್ಪಿದೆ. ಅಷ್ಟು ದೊಡ್ಡದನ್ನು ನಿಲ್ಲಿಸಲು ನನಗೆ ಬೇರೆ ಜಾಗವಾದರೂ ಎಲ್ಲಿತ್ತು?

ನಿಲ್ಲದ ಎಂಜಿನ್

ಕಲ್ಯಾಣದಲ್ಲಿ ಗ್ಯಾರೇಜಿಟ್ಟುಕೊಂಡಿರುವ ಬೆಳಗಾವಿ ಕಡೆಯ ಮೇಸ್ತ್ರಿಯೊಬ್ಬರು ಸಿಕ್ಕರು. ಸೈನ್ಯದಲ್ಲಿ ಇಂಥವೇ ಲಾರಿ ರಿಪೇರಿ ಮಾಡಿ ನಿವೃತ್ತರಾದವರು. ಅವರು ಬಂದು ಎಂಜಿನ್ ಚಾಲೂ ಮಾಡಿಕೊಟ್ಟು ಹೋದರು. ಮಾರನೆಯ ದಿನ ನಾನೇ ಚಾಲೂ ಮಾಡಿದೆ. ಹೆಮ್ಮೆಯಿಂದ ಕಾಲು ಗಂಟೆ ಓಡಿಸಿ ಸ್ವಿಚ್ ಆರಿಸಿದೆ. ಎಂಜಿನ್ ನಿಲ್ಲಲಿಲ್ಲ.

ನೌಪಾಡಾದಲ್ಲಿ ಉಡುಪಿ ಹೋಟೆಲ್ ನಡೆಸುವ ನನ್ನ ಗಂಡ ಧೈರ್ಯ ಮಾಡಿ ಬ್ಯಾಟರಿಯ ವಯರನ್ನೇ ಬಿಚ್ಚಿದರು. ಆಗಲೂ ಓಡುತ್ತಿತ್ತು. "ಮಾರಾಯ್ತಿ, ಇದರೊಳಗೆ ಯಾರೋ ಇದ್ದಾರೆ," ಎಂದು ಎರಡು ಹೆಜ್ಜೆ ಹಿಂದೆ ಸರಿದರು.

ಮೇಸ್ತ್ರಿಗೆ ಫೋನ್ ಮಾಡಿದೆ. "ಡೀಸೆಲ್ ಎಂಜಿನ್ನಿಗೆ ಓಡಾಕ ಕರೆಂಟ್ ಬೇಕಿಲ್ರಿ ಅಕ್ಕಾರ. ಡೀಸೆಲ್ ಬಂದ್ ಮಾಡಬೇಕು. ಸ್ಟೇರಿಂಗ್ ಬಾಜೂಕ ಒಂದು ಗುಬಟ ಐತಲ್ಲ, ಅದನ್ನ ಜಗ್ರಿ."

"ಗುಬಟ ಅಂದರೆ ಗುಂಡು ಹಿಡಿಯಾ? ಯಾವುದೂ ಕಾಣಿಸುತ್ತಿಲ್ಲವಲ್ಲ?"

ಕಾಣಿಸುವುದು ಹೇಗೆ? ಅದಕ್ಕೆ ನನ್ನ ಗಂಡ ತರಕಾರಿ ಚೀಲ ನೇತುಹಾಕಿದ್ದರು.

ದೀಪ

ಆಮೇಲೆ ಹೆಡ್‌ಲೈಟ್ ಕೈಕೊಟ್ಟಿತು. ಬಲ್ಬ್ ಬದಲಾಯಿಸಿದೆವು, ಫ್ಯೂಸ್ ಬದಲಾಯಿಸಿದೆವು. ಗಂಡ ತಂದ ಹನ್ನೆರಡು ವೋಲ್ಟಿನ ಕಾರಿನ ಬಲ್ಬು, ನೇರ ಬ್ಯಾಟರಿಗೆ ಹಿಡಿದಾಗ, ಈ ಲಾರಿಯ ಇಪ್ಪತ್ನಾಲ್ಕು ವೋಲ್ಟ್ ತಿಂದು ಒಂದು ಕ್ಷಣ ಸೂರ್ಯನಂತೆ ಹೊಳೆದು ತೀರಿಕೊಂಡಿತು. ಮುಂದೆ ಕತ್ತಲೆ. ಆದರೆ ಹಿಂದೆ, ಎರಡು ಚಕ್ರಗಳ ನಡುವೆ ಅಚ್ಚಿಗಿರುವ, ಬಿಳಿ ಬಳಿದ ಕಬ್ಬಿಣದ ಗುಂಡಿನ ಮೇಲೆ ಮಾತ್ರ ಒಂದು ಪುಟ್ಟ ದೀಪ ನೆಮ್ಮದಿಯಾಗಿ ಉರಿಯುತ್ತಿತ್ತು.

ಮೇಸ್ತ್ರಿ ಬಂದವರು ಯಾವ ಹತಾರವನ್ನೂ ಮುಟ್ಟಲಿಲ್ಲ. ದೀಪದ ಸ್ವಿಚ್ಚನ್ನು ಒಂದು ಗುರುತು ಪಕ್ಕಕ್ಕೆ ತಿರುಗಿಸಿದರು. ಹೆಡ್‌ಲೈಟ್ ಬೆಳಕಿಗೆ ಎದುರಿನ ಗೋಡೆ ಬೆಳ್ಳಗಾಯಿತು. "ವೈರಿ ವಿಮಾನಕ್ಕ ಕಾಣಬಾರದು, ಹಿಂದಿನ ಗಾಡಿಯಾಂವಗ ಅಷ್ಟೇ ಕಾಣಬೇಕು ಅಂತ ಮಾಡಿದ ದೀಪರಿ ಅದು," ಎಂದರು.

ಯುದ್ಧ ಮುಗಿದಿದೆ ಎಂದು ಪಾಪ ಆ ಲಾರಿಗೆ ಯಾರೂ ಹೇಳಿರಲಿಲ್ಲ.

ಟಕ್

ಮಿಲಿಟರಿ ಹಸಿರು ಬಣ್ಣ ಖಾಸಗಿ ಗಾಡಿಗೆ ಸಲ್ಲದು ಎಂದು ನೀಲಿ ಬಳಿಸಿದೆ. ಅಂದವಾಯಿತು, ಆದರೆ ಚಾಲೂ ಆಗಲಿಲ್ಲ. ಒತ್ತಿದರೆ 'ಟಕ್' ಎನ್ನುತ್ತಿತ್ತು, ಅಷ್ಟೇ. ಸೊಸೈಟಿಯ ಗಂಡಸರೆಲ್ಲ ಅಂಗಿ ತೋಳು ಮಡಚಿ ತಳ್ಳಲು ಬಂದರು. ಐದು ಟನ್ ಲಾರಿ ಅವರನ್ನು ಗಮನಿಸಲೇ ಇಲ್ಲ.

ನಾನು ಚಾಪೆ ಹಾಸಿಕೊಂಡು ಕೆಳಗೆ ನುಸುಳಿದೆ. ಬ್ಯಾಟರಿಯ ಅರ್ಥ್ ವಯರು ಲಾರಿಯ ಕಬ್ಬಿಣದ ಚೌಕಟ್ಟಿಗೆ ಸೇರುವ ಜಾಗಕ್ಕೂ ಪೇಂಟರ್ ಭಕ್ತಿಯಿಂದ ಎರಡು ಕೋಟ್ ಹೊಡೆದು, ಅದರ ಮೇಲೆ ಬೋಲ್ಟ್ ಬಿಗಿದಿದ್ದ. ಬಣ್ಣ ದಾಟಿ ಕರೆಂಟ್ ಹೋಗುವುದು ಹೇಗೆ? ಬಿಚ್ಚಿ, ಕಬ್ಬಿಣ ಹೊಳೆಯುವ ತನಕ ಮರಳು ಕಾಗದದಿಂದ ಉಜ್ಜಿ, ಮತ್ತೆ ಬಿಗಿದೆ. ಒಂದೇ ಒತ್ತಿಗೆ ಗುಡುಗಿತು. ನನ್ನ ಜೀವಮಾನದಲ್ಲಿ ಅಷ್ಟು ಚಂದದ ಸದ್ದು ಕೇಳಿಲ್ಲ.

ಮುಖದ ತುಂಬ ಮಸಿ ಹೊತ್ತು ಹೊರಗೆ ಬಂದೆ. ಸೆಕ್ರೆಟರಿ ಮುಂದೆ ಬಂದು, ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ ನನ್ನ ಗಂಡನ ಕೈ ಕುಲುಕಿದರು. "ಚೆನ್ನಾಗಿ ರಿಪೇರಿ ಮಾಡಿದಿರಿ ಸಾಹೇಬ್ರೇ."

ಹೊಟ್ಟೆ

ಹಬ್ಬಕ್ಕೆ ವಾರವಿದೆ ಎನ್ನುವಾಗ ಕಲ್ಯಾಣದ ಹತ್ತಿರ ತಪಾಸಣೆ. ಸ್ಟೇರಿಂಗ್ ನನ್ನ ಕೈಯಲ್ಲಿ, ಪಕ್ಕದಲ್ಲಿ ಮೇಸ್ತ್ರಿ. ಶಿಳ್‌ಫಾಟಾ ತಲುಪುವಷ್ಟರಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಮೇಸ್ತ್ರಿ ಕೈಪಂಪು ಒತ್ತಿ, ಪೈಪಿನಲ್ಲಿ ಸೇರಿದ ಗಾಳಿ ತೆಗೆದರು, ಹೊರಟಿತು. ಡೊಂಬಿವಲಿ ಸಮೀಪ ಮತ್ತೆ ನಿಂತಿತು. ಫಿಲ್ಟರ್ ಬದಲಾಯಿಸಿದರು. ಸ್ವಲ್ಪ ದೂರ ಓಡಿ ಮತ್ತೆ ನಿಂತಿತು.

ಮೇಸ್ತ್ರಿ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಲೇಹ್‌ದಾಗೂ ಹಿಂಗ ಕಾಡಿದ್ದಿಲ್ರಿ ಅಕ್ಕಾರ." ಗಂಟೆ ಹನ್ನೊಂದೂವರೆ, ಹನ್ನೆರಡಕ್ಕೆ ಅಲ್ಲಿರಬೇಕು. ತಪ್ಪಿದರೆ ಹಬ್ಬ ಮುಗಿಯುವ ತನಕ ಬೇರೆ ದಿನವಿಲ್ಲ. ನನ್ನ ಕಣ್ಣ ಮುಂದೆ ಸ್ಪಿತಿ ಕರಗಿ ಗುಜರಿ ಅಂಗಡಿ ತೇಲಿಬಂತು.

ಡೀಸೆಲ್ ಎಷ್ಟಿದೆ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. 'ಉಸ್ಸ್' ಎಂದು ಟ್ಯಾಂಕ್ ಗಾಳಿಯನ್ನು ಒಳಗೆ ಎಳೆದುಕೊಂಡಿತು, ನೀರಿನಿಂದ ಮೇಲೆ ಬಂದವರ ಹಾಗೆ. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಅದು ಮುಚ್ಚಿದರೆ ಡೀಸೆಲ್ ಹೊರಗೆ ಬರುವುದಿಲ್ಲ. ಉಗುರಿನಿಂದ ಕೆರೆದೆ. ಮೊದಲು ಕೆಂಪು ಬಂತು, ಅದರಡಿ ಹಳದಿ, ಅದರಡಿ ಮತ್ತೆ ಕೆಂಪು.

ಮನೆಗೆ ಫೋನ್ ಮಾಡಿದೆ. "ಅತ್ತೇ, ಲಾರಿಯ ಡೀಸೆಲ್ ಮುಚ್ಚಳಕ್ಕೆ ಅರಶಿನ ಕುಂಕುಮ ಹಚ್ಚಿದ್ದೀರಾ?"

"ಪ್ರತಿ ಶುಕ್ರವಾರ ಹಚ್ಚುತ್ತೇನೆ. ಲಾರಿಯ ಹಣೆ ನನಗೆ ಎಟುಕುವುದಿಲ್ಲ. ಅದಕ್ಕೇ ಉಣ್ಣುವ ಬಾಯಿಗೆ ಹಚ್ಚಿದೆ. ಯಾಕೆ, ಕಡಿಮೆ ಆಯಿತಾ?"

ತಲೆಯ ಪಿನ್ ತೆಗೆದು ತೂತು ಬಿಡಿಸಿದೆ. ಮೇಸ್ತ್ರಿ ನನಗೊಂದು ಸೆಲ್ಯೂಟ್ ಹೊಡೆದರು. ನಾನು ಅದನ್ನು ಇನ್ನೂ ಜೋಪಾನವಾಗಿಟ್ಟುಕೊಂಡಿದ್ದೇನೆ. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಗೇಟಿನೊಳಗಿದ್ದೆವು. ಲಾರಿ ಪಾಸಾಯಿತು.

ಎರಡು ದಿನ ಬಿಟ್ಟು ಸೆಕ್ರೆಟರಿ ಬಾಗಿಲು ತಟ್ಟಿದರು. ನೆಲ ನೋಡುತ್ತ ಹೇಳಿದರು: "ಮ್ಯಾಡಮ್, ಈ ಸಲ ಮೂರ್ತಿ ದೊಡ್ಡದು. ಟೆಂಪೋದಲ್ಲಿ ಹಿಡಿಯುವುದಿಲ್ಲ."

ಹೀಗೆ ಗಣಪತಿಗಾಗಿ ಜಾಗ ಬಿಡಬೇಕಿದ್ದ ಲಾರಿ ಗಣಪತಿಯನ್ನೇ ಕರೆತರಲು ಸಿಂಗರಿಸಿಕೊಂಡು ನಿಂತಿತು. ಹೊರಡುವ ಹೊತ್ತಿಗೆ ಅತ್ತೆ ಕುಂಕುಮದ ಬಟ್ಟಲು ಹಿಡಿದು ಕೆಳಗೆ ಬಂದರು. ಮುಚ್ಚಳದ ಕಥೆ ಅಷ್ಟರಲ್ಲಿ ಇಡೀ ಬಿಲ್ಡಿಂಗಿಗೆ ಗೊತ್ತಾಗಿತ್ತು. ಸೆಕ್ರೆಟರಿ ಓಡಿ ಹೋಗಿ ಡೀಸೆಲ್ ಟ್ಯಾಂಕಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತರು. "ಆಜಿ, ಇಲ್ಲಿ ಮಾತ್ರ ಬೇಡ."

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. ಬೆರಳು ಅದ್ದಿ ಅವರ ಹಣೆಗೇ ಉದ್ದಕ್ಕೆ ಎಳೆದು, ನನ್ನ ಕಡೆ ತಿರುಗಿ ಕೇಳಿದರು:

"ಇಲ್ಲಿ ತೂತು ಇಲ್ಲವಲ್ಲ?"