ಡೀಸೆಲ್ ರಾಯರ ಪಕ್ಕದ ಸೀಟು

ಪುಕ್ಕಟೆ ಸವಾರಿ ಎಷ್ಟು ದುಬಾರಿ ಎಂಬುದು ದಂತಶಿಲ್ಪಿಗೆ ಅರ್ಥವಾಗಲು ಒಂದು ವಾರವೂ ಬೇಕಾಗಲಿಲ್ಲ.

ದಂತಶಿಲ್ಪಿ ಎಂಬುದು ಗೆಳೆಯರು ಇಟ್ಟ ಹೆಸರು. ಹಲ್ಲಿನ ಡಾಕ್ಟರುಗಳಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಅವನಿಗೆ ಕೆಲಸ. ಊರಿನ ಎಷ್ಟೋ ಬೊಚ್ಚುಬಾಯಿಗಳು ಅವನ ಕೈಗುಣದಿಂದ ಮತ್ತೆ ಅಗಿಯಲು ಕಲಿತಿದ್ದವು. ಇಷ್ಟು ಬಾಯಿಗಳನ್ನು ಸರಿಮಾಡಿದವನಿಗೆ ಒಂದೇ ಒಂದು ಬಾಯಿಯನ್ನು ಮುಚ್ಚಿಸಲು ಆಗಿರಲಿಲ್ಲ. ಅದು ಎದುರುಮನೆಯ ಡೀಸೆಲ್ ರಾಯರ ಬಾಯಿ.

ಅವನ ಹಳೆಯ ಕಾರು ನಡುರಸ್ತೆಯಲ್ಲಿ ಕೊನೆಯುಸಿರೆಳೆದು ಗುಜರಿಗೆ ಹೋಯಿತು. ಮರುದಿನ ಬೆಳಿಗ್ಗೆಯೇ ರಾಯರ ಕಾರು ಬಾಗಿಲಲ್ಲಿ ಬಂದು ನಿಂತಿತು. ರಾಯರ ಇನ್ಶೂರೆನ್ಸ್ ಆಫೀಸು ಲ್ಯಾಬಿನ ದಾರಿಯಲ್ಲೇ ಇತ್ತು. "ಒಂದೇ ದಾರಿ ಅಲ್ವಾ ಸ್ವಾಮಿ, ಕೂತ್ಕೊಳ್ಳಿ" ಎಂದರು. ಇವನು ಕೃತಜ್ಞತೆಯಿಂದ ಕೂತ. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ.

ರಾಯರಿಗೆ ಗೊತ್ತಿದ್ದ ವಿಷಯ ಒಂದೇ. ಡೀಸೆಲ್ ಎಂಜಿನ್ನಿನ ಎಳೆತ, ಅದರ ಮೈಲೇಜು, ಅದರ ಆಯುಷ್ಯ. ಹೋಗುವಾಗ ಎಳೆತವಾದರೆ ಬರುವಾಗ ಮೈಲೇಜು. ಗೇರು ಬದಲಿಸುವಾಗ, ಎದುರಿನಿಂದ ಲಾರಿ ನುಗ್ಗಿದಾಗ ಮಾತ್ರ ಮಾತು ಒಂದು ಕ್ಷಣ ತುಂಡಾಗುತ್ತಿತ್ತು. ಆ ಸಂದಿಯಲ್ಲೇ ದಂತಶಿಲ್ಪಿ ಉಸಿರಾಡಿಕೊಳ್ಳುತ್ತಿದ್ದ. ಲಾರಿಗಳ ಮೇಲೆ ಅವನಿಗೆ ಒಂಥರಾ ಪ್ರೀತಿಯೇ ಹುಟ್ಟಿತ್ತು.

ಭಾನುವಾರವೂ ಬಿಡುವಿರಲಿಲ್ಲ. ಡೀಸೆಲ್ ಗಾಡಿಯನ್ನು ಬರೀ ಊರೊಳಗೆ ಓಡಿಸಿದರೆ ಅದರ ಹೊಗೆ ಸೋಸುವ ಫಿಲ್ಟರು ಮಸಿ ಕಟ್ಟಿಕೊಳ್ಳುತ್ತದಂತೆ. ಆ ಮಸಿ ಸುಟ್ಟು ಚೊಕ್ಕಟವಾಗಬೇಕಾದರೆ ದೊಡ್ಡ ರಸ್ತೆಯಲ್ಲಿ ಜೋರಾಗಿ ಓಡಿಸಬೇಕಂತೆ. ಆದ್ದರಿಂದ ರಾಯರು ವಾರಕ್ಕೊಮ್ಮೆ, ನಾಯಿಯನ್ನು ವಾಕಿಂಗಿಗೆ ಕರೆದೊಯ್ಯುವಂತೆ, ಕಾರನ್ನು ಹೆದ್ದಾರಿಗೆ ಕರೆದೊಯ್ದು, ಎಲ್ಲಿಗೂ ಹೋಗದೆ ವಾಪಸು ಬರುತ್ತಿದ್ದರು. ಪಕ್ಕದ ಸೀಟಿನಲ್ಲಿ ಯಾರು ಕೂತಿರುತ್ತಿದ್ದರೆಂದು ಬೇರೆ ಹೇಳಬೇಕಿಲ್ಲ.

ಒಂದು ದಿನ ಅವನು ಕದ್ದು ಹಿಂದಿನ ಬೀದಿಯಿಂದ ಹೋಗಿ ಬಸ್ಸು ಹತ್ತಿದ್ದೂ ಉಂಟು. ರಾಯರು ಹಾರನ್ ಹೊಡೆಯುತ್ತ ಬಸ್ಸಿನ ಬೆನ್ನು ಹತ್ತಿದರು. ಮುಂದಿನ ನಿಲ್ದಾಣದಲ್ಲಿ ಅವನನ್ನು ಕೈಹಿಡಿದು ಇಳಿಸಿಕೊಂಡು, "ಏನೋ ಯೋಚನೇಲಿ ಬಸ್ಸು ಹತ್ತಿಬಿಟ್ರಿ ಅನ್ಸುತ್ತೆ" ಎಂದರು. ಇಂಥ ಒಳ್ಳೆಯ ಮನುಷ್ಯನನ್ನು ಬೈಯುವುದಾದರೂ ಹೇಗೆ?

ಕೊನೆಗೆ ಹೆಂಡತಿಗೇ ತಾಳ್ಮೆ ತಪ್ಪಿತು. "ರೀ, ರಾತ್ರಿಯೆಲ್ಲ ನಿದ್ದೇಲಿ ಮೈಲೇಜು ಮೈಲೇಜು ಅಂತ ಕನವರಿಸ್ತೀರಿ. ಡೀಸೆಲ್ಲೋ ಪೆಟ್ರೋಲೋ ಹೈಬ್ರಿಡ್ಡೋ, ಇವತ್ತು ಯಾವುದಾದ್ರೂ ಒಂದು ಕಾರು ಬುಕ್ ಮಾಡ್ಕೊಂಡೇ ಮನೆಗೆ ಬನ್ನಿ."

ಅವನಿಗೂ ಬೇಕಾಗಿದ್ದದ್ದು ಅದೇ. ತನ್ನದೇ ಕಾರು, ತನ್ನದೇ ಸ್ಟೇರಿಂಗು, ಮನೆಯಿಂದ ಲ್ಯಾಬಿನವರೆಗೆ ಯಾರೂ ಮಾತಾಡದ ದಾರಿ. ಅಷ್ಟು ಸಿಕ್ಕರೆ ಅದು ಯಾವುದರಲ್ಲಿ ಓಡಿದರೂ ಅವನಿಗೆ ಚಿಂತೆಯಿರಲಿಲ್ಲ.

ಗುಟ್ಟಾಗಿ ಮುಗಿಸಬಹುದಾಗಿದ್ದ ಕೆಲಸ. ಆದರೆ ಸಂಜೆ ಎಷ್ಟೊತ್ತಿಗೆ ಬರಲಿ ಎಂದು ರಾಯರು ಕೇಳಿದಾಗ ಅವನು ಬಾಯಿ ತಪ್ಪಿ, ಇವತ್ತು ಬರಬೇಡಿ, ಶೋರೂಮಿಗೆ ಹೋಗುವುದಿದೆ ಎಂದುಬಿಟ್ಟ. ರಾಯರು ಕಾರನ್ನು ರಸ್ತೆಬದಿಗೆ ನಿಲ್ಲಿಸಿಯೇಬಿಟ್ಟರು.

"ಒಬ್ಬರೇ ಹೋದ್ರೆ ನಿಮಗೆ ಟೋಪಿ ಹಾಕ್ತಾರೆ. ನಾನೇ ಬರ್ತೀನಿ. ಡೀಸೆಲ್ಲೇ ತಗೊಳ್ಳಿ, ಲಾಂಗ್ ಹೋಗೋಕೆ ಅದರ ಮುಂದೆ ಬೇರೆ ಯಾವುದೂ ಇಲ್ಲ."

"ನಾನು ಲಾಂಗ್ ಹೋಗೋದೇ ಇಲ್ವಲ್ಲ ಸಾರ್."

"ಗಾಡಿ ಬಂದ್ರೆ ಹೋಗ್ತೀರಿ."

ಲ್ಯಾಬಿಗೆ ಬಂದು ಮೇಣದಲ್ಲಿ ಹಲ್ಲು ಜೋಡಿಸಲು ಕೂತರೆ ಭಾವಮೈದನ ಫೋನು. ಅಕ್ಕನಿಂದ ಸುದ್ದಿ ಮುಟ್ಟಿತ್ತು. "ಭಾವ, ಕಣ್ಣು ಮುಚ್ಚಿ ಪೆಟ್ರೋಲ್ ತಗೊಳ್ಳಿ. ಕೊಳ್ಳೋಕೂ ಅಗ್ಗ, ರಿಪೇರಿಗೂ ಅಗ್ಗ. ದಿನಾ ನಾಲ್ಕು ಹೆಜ್ಜೆ ಓಡಿಸೋರಿಗೆ ಡೀಸೆಲ್ ಯಾಕೆ?" ಮಾತು ಸರಿಯೇ ಇತ್ತು. ಆದರೆ ಅದನ್ನೇ ಅವನು ತಿರುಗಿ ತಿರುಗಿ ಹೇಳುತ್ತ ಫೋನು ಬಿಸಿಯಾಗುವವರೆಗೂ ಬಿಡಲಿಲ್ಲ. ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ದಂತಶಿಲ್ಪಿ ಕೈಗೆ ಸಿಕ್ಕ ಹಲ್ಲನ್ನು ಕಂಡಲ್ಲಿ ಕೂರಿಸುತ್ತಾ ಹೋದ.

ಸೆಟ್ಟು ಒಯ್ಯಲು ಬಂದ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಮುಂದಿನ ಹಲ್ಲುಗಳ ಜಾಗದಲ್ಲಿ ಎರಡು ಕೋರೆಹಲ್ಲುಗಳು ಭುಜಕ್ಕೆ ಭುಜ ಕೊಟ್ಟು ನಿಂತಿದ್ದವು. "ನನ್ನ ಪೇಷೆಂಟ್ ರಿಟೈರ್ಡ್ ಹೆಡ್‌ಮಾಸ್ಟರು. ಹುಲಿ ಅಲ್ಲ" ಎಂದರು.

ಅವನು ತಡವರಿಸುತ್ತ ಕಾರಣ ಹೇಳಿದ್ದೇ ತಪ್ಪಾಯಿತು. ಡಾಕ್ಟರಮ್ಮ ಸೆಟ್ಟನ್ನು ಅಲ್ಲೇ ಇಟ್ಟು, ಅವನನ್ನು ಕೆಳಗೆ ಕರೆದೊಯ್ದು ತಮ್ಮ ಹೈಬ್ರಿಡ್ ಕಾರಿನಲ್ಲಿ ಕೂರಿಸಿ ಬಟನ್ ಒತ್ತಿದರು.

"ಏನಾದ್ರೂ ಕೇಳಿಸ್ತಾ?"

"ಇಲ್ಲ ಮೇಡಂ."

"ಅದೇ ನೋಡಿ. ಗಾಡಿ ಆನ್ ಆಗಿದೆ."

ದಂತಶಿಲ್ಪಿಯ ಕಣ್ಣು ತುಂಬಿಬಂತು. ಎಷ್ಟೋ ದಿನಗಳ ಮೇಲೆ ಕಾರಿನಲ್ಲಿ ಕೂತು ಅವನು ಕೇಳಿದ ಮೊದಲ ಮೌನ ಅದು. ಕೊಂಡರೆ ಇದನ್ನೇ ಎಂದು ಅಲ್ಲೇ ತೀರ್ಮಾನಿಸಿಬಿಟ್ಟ. ಆದರೆ ಗಾಡಿ ಸುಮ್ಮನಿತ್ತೇ ಹೊರತು ಡಾಕ್ಟರಮ್ಮ ಸುಮ್ಮನಿರಲಿಲ್ಲ. ಬ್ರೇಕು ಒತ್ತಿದರೆ ಬ್ಯಾಟರಿ ತುಂಬುವುದು, ಟ್ರಾಫಿಕ್ಕಿನಲ್ಲಿ ಎಂಜಿನ್ ತಾನೇ ಆರುವುದು, ಎಲ್ಲವನ್ನೂ ವಿವರಿಸುತ್ತ ಅವನ ಊಟದ ಹೊತ್ತನ್ನು ನುಂಗಿಹಾಕಿದರು. ವಾಪಸು ಬಂದು ಹುಲಿಯನ್ನು ಮತ್ತೆ ಹೆಡ್‌ಮಾಸ್ಟರು ಮಾಡುವಷ್ಟರಲ್ಲಿ ಅವನಿಗೆ ಕಣ್ಣು ಕತ್ತಲಿಟ್ಟಿತ್ತು.

ಸಂಜೆ ಹಸಿದ ಹೊಟ್ಟೆಯಲ್ಲಿ, ರಾಯರ ಬೆಂಗಾವಲಿನಲ್ಲಿ ಶೋರೂಮು ಹೊಕ್ಕ. ಹೈಬ್ರಿಡ್ ಎಂದು ಬಾಯಿ ಬಿಟ್ಟೊಡನೆ ಮೇಜಿನ ಹಿಂದಿನ ಹುಡುಗಿ ನಗುತ್ತಲೇ, ಬುಕಿಂಗ್ ತುಂಬಾ ಇದೆ, ಎಂಟು ತಿಂಗಳು ಕಾಯಬೇಕು ಎಂದಳು. ಪೆಟ್ರೋಲಿನಲ್ಲಾದರೆ ಬಿಳಿ ಬಣ್ಣದ್ದೊಂದು ತಯಾರಾಗಿ ನಿಂತಿದೆ, ನಾಳೆ ಬೆಳಿಗ್ಗೆಯೇ ಮನೆ ಬಾಗಿಲಿಗೆ ಬರುತ್ತದೆ ಎಂದಳು. ಎಂಟು ತಿಂಗಳು ರಾಯರ ಪಕ್ಕದ ಸೀಟು. ಪೆಟ್ರೋಲೇ ಆಗಲಿ ಎಂದುಬಿಟ್ಟ.

"ಪೆಟ್ರೋಲಾ?" ಎಂದು ರಾಯರು ಎದ್ದು ನಿಂತರು. ಅದೇ ಹೊತ್ತಿಗೆ ಭಾವಮೈದನ ಫೋನು ಬಂತು. ರಾಯರೇ ಅದನ್ನು ಕಸಿದು ಸ್ಪೀಕರಿಗೆ ಹಾಕಿದರು. ಮೇಜಿನ ಆಚೆಗೆ ಎಳೆತ, ಈಚೆಗೆ ರಿಪೇರಿ ಖರ್ಚು. ಇಬ್ಬರೂ ಅವನ ತಲೆಯ ಮೇಲೆ ಅರ್ಧ ಗಂಟೆ ಹೊಡೆದಾಡಿದರು. ಹುಡುಗಿ ತಂದಿಟ್ಟ ಕಾಫಿಯನ್ನೂ ರಾಯರು ಮಾತಿನ ಭರದಲ್ಲಿ ತಾವೇ ಕುಡಿದುಬಿಟ್ಟರು. ಆ ಕಾಫಿ ಖಾಲಿಯಾದದ್ದು ನೋಡಿ ದಂತಶಿಲ್ಪಿಯ ತಾಳ್ಮೆಯ ಕಟ್ಟೆ ಒಡೆಯಿತು.

"ಸಾಕು ಸಾರ್" ಎಂದ. ದನಿ ಅವನಿಗೇ ಹೊಸದಾಗಿತ್ತು. "ದಿನಾ ನೀವು ಓಡಿಸೋದು ಮನೆಯಿಂದ ಆಫೀಸಿಗೆ. ಅಷ್ಟಕ್ಕೆ ನಿಮ್ಮ ಗಾಡಿ ಬಿಸಿಯೂ ಆಗಲ್ಲ. ಫಿಲ್ಟರ್ ಕಟ್ಟುತ್ತೆ ಅಂತ ಭಾನುವಾರ ಇನ್ನಷ್ಟು ಡೀಸೆಲ್ ಸುಡ್ತೀರಿ. ಉಳಿಸಿದ್ದನ್ನೆಲ್ಲ ಅಲ್ಲೇ ಕಳೀತೀರಿ. ನೀವು ಆ ಗಾಡಿ ಓನರ್ ಅಲ್ಲ ಸಾರ್, ಅದರ ಆಯಾ. ನಿಮ್ಮಂಥೋರಿಗೆ ಹೇಳಿಮಾಡಿಸಿದ್ದು ಅಂದ್ರೆ ಹೈಬ್ರಿಡ್ಡೇ."

ಭಾವಮೈದನ ಫೋನನ್ನೂ ಅವನೇ ಕತ್ತರಿಸಿದ. ರಾಯರು ಬಾಯಿ ತೆರೆದರು, ಮುಚ್ಚಿದರು. ಆಮೇಲೆ ತಲೆ ತಗ್ಗಿಸಿ ಮೆಲ್ಲನೆ ಹೊರಗೆ ನಡೆದರು. ಕೊನೆಗೂ ಆ ಬಾಯಿ ಮುಚ್ಚಿತ್ತು.

ಒಂದು ಗಂಟೆಯ ಕಾಗದಪತ್ರ ಮುಗಿಸಿ ದಂತಶಿಲ್ಪಿ ಬಿಳಿ ಪೆಟ್ರೋಲ್ ಕಾರಿಗೆ ಸಹಿ ಹಾಕಿದ. ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಆದರೆ ಮನಸ್ಸು ಚುರುಕ್ ಎನ್ನದೆ ಇರಲಿಲ್ಲ. ಪಾಪ, ದಿನಾ ಕರೆದೊಯ್ದವರಿಗೆ ಹೀಗೆ ಮುಖ ಮುರಿಯುವಂತೆ ಹೇಳಬಾರದಿತ್ತು. ಒಂದು ಕ್ಷಮೆ ಕೇಳಿ, ಕೊನೆಯ ಸಲ ಅವರ ಕಾರಿನಲ್ಲೇ ಕೂತು ಮನೆಗೆ ಹೋದರಾಯಿತು ಎಂದುಕೊಂಡು ಹೊರಗೆ ಬಂದ.

ರಾಯರ ಕಾರು ನಿಂತಿದ್ದ ಜಾಗ ಖಾಲಿಯಿತ್ತು. ರಾಯರು ಮಾತ್ರ ಅಲ್ಲೇ ನಿಂತಿದ್ದರು. ಕಂಕುಳಲ್ಲಿ ಸೀಟಿನ ದಿಂಬು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕಾರಿನ ಸಾಮಾನೆಲ್ಲ ತುಂಬಿದ ಚೀಲ.

"ಕಣ್ಣು ತೆರೆಸಿದ್ರಿ ಸ್ವಾಮಿ" ಎಂದರು ಗದ್ಗದರಾಗಿ. "ಇಷ್ಟು ವರ್ಷದಲ್ಲಿ ಒಬ್ಬರೂ ನನಗೆ ಹೀಗೆ ಬಿಡಿಸಿ ಹೇಳಿರಲಿಲ್ಲ. ನೀವು ಸಹಿ ಹಾಕೋಷ್ಟರಲ್ಲಿ ಹಳೇ ಗಾಡಿ ಇಲ್ಲೇ ಹೊರಗಿನ ಕೌಂಟರಿನಲ್ಲಿ ಕೊಟ್ಟುಬಿಟ್ಟೆ. ಹೈಬ್ರಿಡ್ ಬುಕ್ ಮಾಡ್ದೆ."

ದಂತಶಿಲ್ಪಿ ಖಾಲಿ ಜಾಗವನ್ನೊಮ್ಮೆ, ಚೀಲವನ್ನೊಮ್ಮೆ ನೋಡಿದ. "ಅದು ಬರೋಕೆ ಎಂಟು ತಿಂಗಳಲ್ವಾ ಸಾರ್?"

"ಆಗಲಿ ಬಿಡಿ. ನಿಮ್ಮ ಗಾಡಿ ಇದೆಯಲ್ಲ. ಒಂದೇ ದಾರಿ."

ಬಸ್ಸು ಬಂತು. ರಾಯರು ಅವನನ್ನು ಕಿಟಕಿಯ ಕಡೆ ಕೂರಿಸಿ, ಏಳಲು ದಾರಿಯಿಲ್ಲದಂತೆ ಪಕ್ಕದಲ್ಲಿ ತಾವು ಕೂತು, ತೊಡೆಯ ಮೇಲೆ ಚೀಲ ಇಟ್ಟುಕೊಂಡರು. ಹೈಬ್ರಿಡ್ಡಿನ ಬ್ಯಾಟರಿ ಬಗ್ಗೆ ಆ ಕೌಂಟರಿನ ಹುಡುಗನಿಂದ ಬಹಳ ವಿಷಯ ತಿಳಿದುಕೊಂಡಿದ್ದೇನೆ, ನಾಳೆಯಿಂದ ಎಲ್ಲ ವಿವರವಾಗಿ ಹೇಳುತ್ತೇನೆ ಎಂದು ಭರವಸೆ ಕೊಟ್ಟರು. ಎದುರಿನಿಂದ ಒಂದು ಲಾರಿ ಹಾದುಹೋಯಿತು. ಅವರ ಮಾತು ತುಂಡಾಗಲಿಲ್ಲ.

"ಇಷ್ಟು ದಿನ ಗೇರು, ಬ್ರೇಕು ಅಂತ ಮಾತು ಅರ್ಧಕ್ಕೇ ನಿಂತುಹೋಗ್ತಿತ್ತು ಸ್ವಾಮಿ" ಎಂದರು ರಾಯರು, ಹಿಂದಕ್ಕೆ ಒರಗಿ ಕಾಲು ಚಾಚುತ್ತ. "ಇನ್ಮೇಲೆ ಆ ತಾಪತ್ರಯ ಇಲ್ಲ. ಗಾಡಿ ನೀವು ನೋಡ್ಕೊಳ್ಳಿ."